ನಿನೆವೆ ಬಯಲಿನ ಸುಟ್ಟ ಇಗರ್ಜಿಗಳು

ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಅದು ತಾನಾಗಿ ಹತ್ತಿದ್ದೋ, ಯಾರಾದರೂ ಹಚ್ಚಿದ್ದೋ ಎಂಬುದನ್ನು ಬಹಳಷ್ಟು ಸಲ ಗೋಡೆಗಳೇ ಹೇಳಿಬಿಡುತ್ತವೆ. ಒಂದು ಮೂಲೆಯಲ್ಲಿ ಹತ್ತಿ ಹಬ್ಬಿದ ಬೆಂಕಿಯಾದರೆ ಅಲ್ಲಿ ಮಸಿ ದಟ್ಟವಾಗಿರುತ್ತದೆ, ದೂರ ಹೋಗುತ್ತ ತೆಳುವಾಗುತ್ತದೆ. ಇರಾಕಿನ ಕರಕೋಶ್ ಊರಿನ ಅಲ್-ತಾಹಿರಾ ಇಗರ್ಜಿಯ ಫೋಟೋಗಳು 2016ರ ಅಕ್ಟೋಬರ್ ಕೊನೆಗೆ ಹೊರಬಂದಾಗ ನನ್ನ ಕಣ್ಣು ಮೊದಲು ಹುಡುಕಿದ್ದು ಇದನ್ನೇ. ಬಾಗಿಲ ಬಳಿಯ ಕಂಬ, ಬಲಿಪೀಠದ ಬಳಿಯ ಕಂಬ, ನಡುವಿನ ಕಮಾನುಗಳು, ಚಾವಣಿ ಎಲ್ಲವೂ ಒಂದೇ ಸಮನೆ ಕಪ್ಪಾಗಿದ್ದವು. ಕಲ್ಲಿಗೆ ಬೆಂಕಿ ಹತ್ತುವುದಿಲ್ಲ. ಅಷ್ಟು ದೊಡ್ಡ ಕಲ್ಲಿನ ಇಗರ್ಜಿಯ ಒಳಮೈಯನ್ನು ಈ ಪರಿ ಸುಡಬೇಕಾದರೆ ಸುಡುವ ಸಾಮಾನನ್ನು ತಂದು ಒಟ್ಟಬೇಕು. ಅಲ್ಲಿ ಹಾಗೆಯೇ ಆಗಿತ್ತು. ಜನ ಕೂರುವ ಮರದ ಬೆಂಚುಗಳೇ ಸೌದೆಯಾಗಿದ್ದವು. ಪ್ರಾರ್ಥನೆಯ ಪುಸ್ತಕಗಳನ್ನು ಅಂಗಳದಲ್ಲಿ ಗುಡ್ಡೆ ಹಾಕಿ ಸುಟ್ಟಿದ್ದರು.

ನಾನು ಸಿವಿಲ್ ಎಂಜಿನಿಯರ್, ಈಗ ನಿವೃತ್ತ. ಊರು ಉಡುಪಿ ಜಿಲ್ಲೆಯ ಬ್ರಹ್ಮಾವರ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ದೇಶದ ಎಷ್ಟೋ ಜನ ಇರಾಕಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದರು. ನಾನೂ ಹೋಗಿ ಮೋಸುಲ್ ಹೊರವಲಯದ ಒಂದು ಕಾಮಗಾರಿಯಲ್ಲಿ ದುಡಿದೆ. ಇರಾನಿನ ಜೊತೆ ಯುದ್ಧ ನಡೆದಿತ್ತಾದರೂ ನಾವಿದ್ದಲ್ಲಿ ಅದರ ಬಿಸಿ ಅಷ್ಟಾಗಿ ತಟ್ಟಿರಲಿಲ್ಲ. ನನ್ನ ಕೈಕೆಳಗಿನ ಮೇಸ್ತ್ರಿಯೊಬ್ಬರು ಕರಕೋಶ್‌ನವರು. ನಾವೆಲ್ಲ ಅವರನ್ನು ಉಸ್ತಾ ಎನ್ನುತ್ತಿದ್ದೆವು. ಕೈಕೆಳಗಿನವರು ಎಂದು ಹಾಜರಿ ಪುಸ್ತಕ ಹೇಳುತ್ತಿತ್ತು. ಕಲ್ಲಿನ ವಿಷಯದಲ್ಲಿ ಅವರು ನನಗೆ ಗುರು. ಈ ಲೇಖನದಲ್ಲಿ ಕಲ್ಲು, ಗಾರೆಗಳ ಬಗ್ಗೆ ಬರೆಯುವುದರಲ್ಲಿ ಅರ್ಧಪಾಲು ಅವರು ಕಲಿಸಿದ್ದು.

ಒಂದು ಭಾನುವಾರ ಉಸ್ತಾ ತಮ್ಮ ಊರಿಗೆ ಕರೆದುಕೊಂಡು ಹೋದರು. ಕರಕೋಶ್ ಮೋಸುಲ್‌ನಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್. ಗೋಧಿ ಹೊಲಗಳ ನಡುವೆ, ನಿನೆವೆ ಎಂಬ ಚಪ್ಪಟೆ ಬಯಲಿನಲ್ಲಿರುವ ಊರು. ಅಲ್ಲಿನವರು ತಮ್ಮ ಮಾತಿನಲ್ಲಿ ಅದನ್ನು ಬಖ್ದೀದಾ ಎನ್ನುತ್ತಾರೆ. ಇಗರ್ಜಿಯ ಒಳಗೆ ಕಾಲಿಟ್ಟಾಗ ನನಗೆ ಪರವೂರು ಅನ್ನಿಸಲಿಲ್ಲ. ಬಲಿಪೀಠದ ಮುಂದೆ ಪರದೆ ಇತ್ತು, ಪೂಜೆಯ ನಡುವೆ ಅದನ್ನು ಎಳೆದು ಮುಚ್ಚಿ ತೆರೆಯುತ್ತಿದ್ದರು. ಧೂಪದ ಪಾತ್ರೆಗೆ ಗೆಜ್ಜೆ ಕಟ್ಟಿತ್ತು. ರಾಗಗಳು ನನ್ನ ಅಜ್ಜಿ ಹೇಳುತ್ತಿದ್ದವೇ. ಕಾರಣ ಇಷ್ಟು: ಬ್ರಹ್ಮಾವರದ ನಮ್ಮ ಸಣ್ಣ ಸಮುದಾಯ ಮಾತಾಡುವುದು ಕೊಂಕಣಿ, ಬೇರು ಗೋವಾದ್ದು, ಆದರೆ ಪೂಜಾಕ್ರಮ ಸುರಿಯಾನಿ. 1889ರಲ್ಲಿ ಗೋವಾದ ಆಲ್ವಾರಿಸ್ ಎಂಬ ಪಾದ್ರಿಗೆ ಅಂತಿಯೋಕ್ಯದ ಸುರಿಯಾನಿ ಪಿತೃಪ್ರಧಾನರ ಒಪ್ಪಿಗೆಯ ಮೇಲೆ ಕೊಟ್ಟಾಯಂನಲ್ಲಿ ಬಿಷಪ್ ದೀಕ್ಷೆಯಾಯಿತು. ಅವರೊಂದಿಗೆ ನಿಂತ ಪಾದ್ರಿ ನೊರೊನ್ಹಾ ಬ್ರಹ್ಮಾವರದಲ್ಲೇ ಬದುಕು ಸವೆಸಿದರು. ಹೀಗೆ ಗೋವಾ, ಕೇರಳ, ಟರ್ಕಿ, ಇರಾಕುಗಳ ನಡುವೆ ಒಂದು ನೂಲು ಎಳೆದಂತಾಗಿ, ಅದರ ಒಂದು ತುದಿ ನಮ್ಮ ಊರಿನಲ್ಲಿ ಕಟ್ಟಿಕೊಂಡಿತು. ಕರಕೋಶ್‌ನ ಬಹುಪಾಲು ಜನ ಸುರಿಯಾನಿ ಕಥೋಲಿಕರು, ನಾವು ಆರ್ಥೊಡಾಕ್ಸ್, ಪಂಗಡ ಬೇರೆ. ಪೂಜೆ ಮಾತ್ರ ಒಂದೇ ತಾಯಿಯದು.

ಇರಾಕಿನ ಕ್ರೈಸ್ತರೆಂದರೆ ಬ್ರಿಟಿಷರ ಕಾಲದಲ್ಲಿ ಮತಾಂತರಗೊಂಡವರು ಎಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲಿ ಅರಬ್ಬೀ ಭಾಷೆ ಬೇರೂರುವ ಮೊದಲೇ ಇದ್ದ ಜನ ಅವರು. ಯೇಸು ಆಡಿದ ಅರಾಮಿಕ್ ಭಾಷೆಯ ಇಂದಿನ ರೂಪವಾದ ಸುರೆತ್ ಮಾತನ್ನು ಕರಕೋಶ್‌ನ ಮಕ್ಕಳು ಈಗಲೂ ಬೀದಿಯಲ್ಲಿ ಆಡುತ್ತಾರೆ. ಕಲ್ದೀಯರು, ಸುರಿಯಾನಿ ಕಥೋಲಿಕರು, ಸುರಿಯಾನಿ ಆರ್ಥೊಡಾಕ್ಸ್, ಪೂರ್ವ ಸಭೆಯ ಅಸಿರಿಯನ್ನರು, ಆರ್ಮೇನಿಯನ್ನರು ಹೀಗೆ ಹಲವು ಸಭೆಗಳು. 2003ರಲ್ಲಿ ಅಮೆರಿಕ ದಾಳಿಯಿಡುವ ಮೊದಲು ಎಲ್ಲ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರು. ಈಗ ಎರಡೂವರೆ ಲಕ್ಷವೂ ಇಲ್ಲ ಎಂಬುದು ಸಭೆಗಳ ಹಿರಿಯರ ಅಂದಾಜು. ಐಸಿಸ್ ಎಂಬ ಉಗ್ರ ಸಂಘಟನೆ ಬರುವ ಮೊದಲೇ ಈ ಇಳಿತ ಶುರುವಾಗಿತ್ತು. 2008ರಲ್ಲಿ ಮೋಸುಲ್‌ನ ಕಲ್ದೀಯ ಆರ್ಚ್‌ಬಿಷಪ್ ಪೌಲೋಸ್ ರಾಹ್ಹೊ ಅವರನ್ನು ಅಪಹರಿಸಿದರು. ಸಿಕ್ಕಿದ್ದು ಅವರ ಶವ. 2010ರ ಅಕ್ಟೋಬರ್ 31ರ ಸಂಜೆ ಬಗ್ದಾದಿನ ಇಗರ್ಜಿಯೊಂದರಲ್ಲಿ ಪೂಜೆ ನಡೆಯುತ್ತಿದ್ದಾಗಲೇ ಬಂದೂಕುಧಾರಿಗಳು ನುಗ್ಗಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದರು.

2014ರ ಜೂನ್ 10ರಂದು ಮೋಸುಲ್ ಐಸಿಸ್ ಕೈಗೆ ಬಿತ್ತು. ಜುಲೈ ನಡುವಿನಲ್ಲಿ ಕ್ರೈಸ್ತರಿಗೆ ಗಡುವು ಬಂತು: ಮತ ಬಿಡಿ, ಇಲ್ಲ ಜಿಜಿಯಾ ತಲೆಗಂದಾಯ ಕೊಡಿ, ಇಲ್ಲ ಊರು ಬಿಡಿ. ಗಡುವು ಜುಲೈ 19ರ ಮಧ್ಯಾಹ್ನಕ್ಕೆ. ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಗುರುತಿಗಾಗಿ ಅರಬ್ಬೀಯ 'ನೂನ್' ಅಕ್ಷರ ಬರೆದರು. ಊರು ಬಿಟ್ಟವರ ಉಂಗುರ, ದುಡ್ಡು, ಔಷಧಿಯನ್ನೂ ತನಿಖಾ ಠಾಣೆಗಳಲ್ಲಿ ಕಿತ್ತುಕೊಂಡರು. ಆಗಸ್ಟ್ 6ರ ರಾತ್ರಿ ಕರಕೋಶ್ ಕಾಯುತ್ತಿದ್ದ ಕುರ್ದಿಶ್ ಪಡೆ ಹಿಂದೆ ಸರಿಯಿತು. ಬೆಳಗಾಗುವುದರೊಳಗೆ ಸುಮಾರು ಐವತ್ತು ಸಾವಿರ ಜನರ ಊರು ಖಾಲಿಯಾಯಿತು. ನಿನೆವೆ ಬಯಲಿನ ಎಲ್ಲ ಊರುಗಳೂ ಸೇರಿ ಲಕ್ಷಕ್ಕೂ ಹೆಚ್ಚು ಕ್ರೈಸ್ತರು ಎರ್ಬಿಲ್ ಕಡೆಗೆ, ದುಹೋಕ್ ಕಡೆಗೆ ನಡೆದರು. ಎರ್ಬಿಲ್‌ಗೆ ಅಂಟಿಕೊಂಡಿರುವ ಅಂಕಾವಾದ ಇಗರ್ಜಿಗಳ ಅಂಗಳ, ಅರ್ಧ ಕಟ್ಟಿದ ಕಟ್ಟಡಗಳ ಮಹಡಿ, ಪಾರ್ಕು, ಎಲ್ಲೆಂದರಲ್ಲಿ ಜನ ಮಲಗಿದ್ದರು.

ಊರು ಖಾಲಿಯಾಗಿದ್ದ ಎರಡು ವರ್ಷಗಳಲ್ಲಿ ಇಗರ್ಜಿಗಳಿಗೆ ಏನಾಯಿತು ಎಂಬುದೇ ನಾನು ಹೇಳಬೇಕೆಂದಿರುವ ವಿಷಯ. 'ಇಗರ್ಜಿಗಳು ಧ್ವಂಸವಾದವು' ಎಂದು ಪತ್ರಿಕೆಗಳು ಒಂದು ಸಾಲಿನಲ್ಲಿ ಬರೆದು ಮುಗಿಸುತ್ತವೆ. ಕಟ್ಟಡ ಕಟ್ಟುವವನಿಗೆ ಅಷ್ಟು ಸಾಲದು. ಯಾವ ಕೈ ಒಡೆಯಿತು, ಯಾತಕ್ಕೆ ಒಡೆಯಿತು, ಹೇಗೆ ಒಡೆಯಿತು ಎಂದು ಬಿಡಿಸಿ ನೋಡದಿದ್ದರೆ ರಿಪೇರಿಯೂ ಸರಿಯಾಗುವುದಿಲ್ಲ, ನ್ಯಾಯವೂ ಸರಿಯಾಗುವುದಿಲ್ಲ.

ಕರಕೋಶ್‌ನ ಅಲ್-ತಾಹಿರಾಕ್ಕೆ 1932ರಲ್ಲಿ ಅಡಿಗಲ್ಲು ಬಿತ್ತು, ಅದು ಮುಗಿದದ್ದು 1948ರಲ್ಲಿ. ನಡುವೆ ಒಂದು ಮಹಾಯುದ್ಧ ಬಂದು ಹೋಯಿತು. ಊರಿನ ರೈತರೇ ದುಡಿಮೆ ಕೊಟ್ಟು, ಬೆಳೆಯಲ್ಲಿ ಪಾಲು ಕೊಟ್ಟು ಎಬ್ಬಿಸಿದ ಇಗರ್ಜಿ ಅದು. ತಮ್ಮ ಅಪ್ಪ ಕಲ್ಲು ಹೊತ್ತಿದ್ದ ಜಾಗವನ್ನು ಉಸ್ತಾ ನನಗೆ ಕೈಮಾಡಿ ತೋರಿಸಿದ್ದರು. ಅದೇ ಅಂಗಳವನ್ನು ಐಸಿಸ್‌ನವರು ಗುಂಡು ಹೊಡೆಯುವ ಅಭ್ಯಾಸಕ್ಕೆ ಬಳಸಿದರು. ಬಟ್ಟೆ ಅಂಗಡಿಯಲ್ಲಿ ನಿಲ್ಲಿಸುವ ಗೊಂಬೆಗಳನ್ನು ತಂದು ಗುರಿಯಾಗಿ ನಿಲ್ಲಿಸಿದ್ದರು. ಅಂಗಳದ ಗೋಡೆಗಳಲ್ಲಿ ಎದೆಮಟ್ಟದಲ್ಲಿ, ತಲೆಮಟ್ಟದಲ್ಲಿ ಒತ್ತೊತ್ತಾಗಿ ಬಿದ್ದ ತೂತುಗಳು ಕಾದಾಟದಲ್ಲಿ ಆದವಲ್ಲ. ಕಾದಾಟದ ಗುಂಡು ಹೀಗೆ ಒಂದೇ ಮಟ್ಟದಲ್ಲಿ ಸಾಲಾಗಿ ಬೀಳುವುದಿಲ್ಲ. ಗಂಟೆ ಗೋಪುರವನ್ನು ಉರುಳಿಸಿದ್ದರು. ಇರಾಕಿನ ಸೈನ್ಯ ಬಂದು ಊರನ್ನು ಮರಳಿ ಪಡೆದದ್ದು 2016ರ ಅಕ್ಟೋಬರಿನಲ್ಲಿ. ಅಕ್ಟೋಬರ್ 30ರಂದು ಆರ್ಚ್‌ಬಿಷಪ್ ಪೆತ್ರೋಸ್ ಮೂಶೆ ಆ ಮಸಿಯ ನಡುವೆಯೇ ಪೂಜೆ ಮಾಡಿದರು.

ಬೆಂಕಿಯ ಹಾನಿ ಕಣ್ಣಿಗೆ ಕಾಣುವುದಕ್ಕಿಂತ ಆಳ. ಇಲ್ಲಿ ಸ್ವಲ್ಪ ಗಾರೆಯ ವಿಷಯ ಹೇಳಬೇಕು. ನಮ್ಮ ಕರಾವಳಿಯ ಹಳೆಯ ಇಗರ್ಜಿ, ಬಸದಿ, ದೇವಸ್ಥಾನಗಳಲ್ಲಿ ಬಳಸಿದ್ದು ಸುಣ್ಣದ ಗಾರೆ. ಸುಣ್ಣ ಸುಡಲು ಒಂಬೈನೂರು ಡಿಗ್ರಿಯ ಆಸುಪಾಸಿನ ಕಾವು ಬೇಕು, ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಕಾಯಬೇಕು. ಮೋಸುಲ್ ಸೀಮೆಯಲ್ಲಿ ಬಳಸುವುದು 'ಜಸ್'. ಅಲ್ಲಿನ ನೆಲದಲ್ಲಿ ಬೇಕಾದಷ್ಟು ಸಿಗುವ ಜಿಪ್ಸಂ ಕಲ್ಲನ್ನು ನೂರೈವತ್ತು ಡಿಗ್ರಿಯಷ್ಟು ಕಾವಿನಲ್ಲಿ ಸುಟ್ಟು ಪುಡಿ ಮಾಡಿದರೆ ಜಸ್ ಸಿದ್ಧ. ನಮ್ಮಲ್ಲಿ ಗಣಪತಿ ಮೂರ್ತಿಗೆ ಬಳಸುವ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒರಟು ಅಣ್ಣ ಎನ್ನಿ. ನೀರು ಬೆರೆಸಿದ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಉಸ್ತಾ ಒಮ್ಮೆ ಸೈಟಿನ ಹಿಂದೆ ನನಗಾಗಿ ಒಂದು ಸಣ್ಣ ಕಮಾನು ಕಟ್ಟಿ ತೋರಿಸಿದರು. ಸೆಂಟ್ರಿಂಗ್ ಇಲ್ಲ, ಕೆಳಗೆ ಒಂದು ಗೂಟವೂ ಇಲ್ಲ. ಎಡಗೈಯಲ್ಲಿ ಕಲ್ಲು ಹಿಡಿದು ಬಲಗೈಯಲ್ಲಿ ಜಸ್ ಮೆತ್ತಿ ಒತ್ತಿ ಹಿಡಿಯುವರು, ಬಾಯಲ್ಲಿ ಏನೋ ಗುನುಗುವರು, ಗುನುಗು ಮುಗಿದಾಗ ಕೈ ಬಿಡುವರು. ಕಲ್ಲು ಗಾಳಿಯಲ್ಲಿ ನಿಂತಿರುತ್ತಿತ್ತು. ಅಷ್ಟು ವರ್ಷ ಕಾಂಕ್ರೀಟು ಹಾಕಿಸಿದ ನಾನು ಅದನ್ನು ನೋಡಿ ಮಾತಾಡದೆ ನಿಂತೆ. ಮೋಸುಲ್‌ನ ಹಳೆಯ ಇಗರ್ಜಿ, ಮಸೀದಿ, ಮನೆಗಳ ಕಮಾನು ಗುಮ್ಮಟಗಳೆಲ್ಲ ಈ ಕಸುಬಿನಿಂದ ಎದ್ದವು. ಬಾಗಿಲ ಚೌಕಟ್ಟು, ಕಂಬಗಳಿಗೆ ಬಳಸುವ ಬೂದುಬಣ್ಣದ 'ಮೋಸುಲ್ ಅಮೃತಶಿಲೆ'ಯೂ ಜಿಪ್ಸಂ ಜಾತಿಯದೇ.

ಕಡಿಮೆ ಕಾವಿನಲ್ಲಿ ಹುಟ್ಟಿದ ಗಾರೆ ಕಡಿಮೆ ಕಾವಿನಲ್ಲೇ ಸಾಯುತ್ತದೆ. ಬೆಂಚುಗಳನ್ನು ಒಟ್ಟಿ ಬೆಂಕಿ ಕೊಟ್ಟರೆ ಜಿಪ್ಸಂ ತನ್ನೊಳಗಿನ ನೀರನ್ನು ಕಳೆದುಕೊಂಡು ಹುಡಿಯಾಗತೊಡಗುತ್ತದೆ. ಮೇಲೆ ನಿಂತಂತೆ ಕಾಣುವ ಕಮಾನಿನ ಸಂದುಗಳಲ್ಲಿ ಹಿಡಿತವೇ ಇರುವುದಿಲ್ಲ. ಚಾವಣಿ ಬಿರಿದು ಒಂದೆರಡು ಚಳಿಗಾಲದ ಮಳೆ ಒಳಗೆ ಸುರಿದರೆ ಆ ಹುಡಿ ಕರಗಿ ಹರಿದುಹೋಗುತ್ತದೆ, ಏಕೆಂದರೆ ಜಿಪ್ಸಂ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗುವ ವಸ್ತು. ಹಚ್ಚಿದ ಬೆಂಕಿ ಒಂದು ದಿನದ್ದಾದರೂ ಒಡೆಯುವ ಕೆಲಸ ಅದರ ಬೆನ್ನಿಗೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಆತುರಕ್ಕೆ ಸಿಮೆಂಟ್ ಸುರಿದು ರಿಪೇರಿ ಮಾಡಿದರೆ ಇನ್ನೂ ಅನಾಹುತ. ಜಿಪ್ಸಂ ಮತ್ತು ಸಿಮೆಂಟ್ ತೇವದಲ್ಲಿ ಸೇರಿದಾಗ ಹಿಗ್ಗುವ ಹರಳುಗಳು ಹುಟ್ಟಿ ಗೋಡೆಯನ್ನು ಒಳಗಿಂದಲೇ ಸೀಳುತ್ತವೆ. ದಾನಿಗಳು ದುಡ್ಡು ಕೊಡುತ್ತಾರೆ, ಉದ್ಘಾಟನೆಯ ದಿನಾಂಕವನ್ನೂ ಜೊತೆಗೇ ಕೊಡುತ್ತಾರೆ. ಗೊತ್ತಿರುವ ಮೇಸ್ತ್ರಿ ಮಾತ್ರ 'ಬೇಡ, ಜಸ್ ಸುಡಿಸಿ' ಎಂದು ಹಟ ಹಿಡಿಯಬಲ್ಲ. ಅಂಥ ಮೇಸ್ತ್ರಿಗಳು ಅಂಕಾವಾದ ಡೇರೆಗಳಲ್ಲೋ ಆಸ್ಟ್ರೇಲಿಯಾದ ಗೋದಾಮುಗಳಲ್ಲೋ ಇದ್ದರೆ ಹಟ ಹಿಡಿಯುವವರು ಯಾರು?

ಕರಕೋಶ್‌ನಿಂದ ಸ್ವಲ್ಪ ದೂರದಲ್ಲಿ ಮಾರ್ ಬೆಹನಾಮ್ ಮಠವಿದೆ. ಅಲ್ಲಿ ಆದದ್ದು ಬೇರೆ ಬಗೆಯ ಹಾನಿ. ಅಣ್ಣ ಬೆಹನಾಮ್, ತಂಗಿ ಸಾರಾ ಎಂಬ ರಾಜಮಕ್ಕಳು 4ನೇ ಶತಮಾನದಲ್ಲಿ ಕ್ರೈಸ್ತರಾಗಿ ತಂದೆಯ ಕೈಯಲ್ಲೇ ಸತ್ತರೆಂದು ಅಲ್ಲಿನ ಪರಂಪರೆ. 13ನೇ ಶತಮಾನದ ಹೊತ್ತಿಗೆ ಕೆತ್ತಿದ ಬಾಗಿಲವಾಡಗಳು ಮೋಸುಲ್ ಕಲ್ಲಿನ ಕೆಲಸಕ್ಕೇ ಕಿರೀಟ. ಸಮಾಧಿಯ ಗೋಡೆಯ ಮೇಲೆ ಮಂಗೋಲ್ ಅರಸನಿಗೆ ಒಳಿತು ಕೋರುವ ಉಯ್ಘುರ್ ಲಿಪಿಯ ಶಾಸನವಿತ್ತು. ಸುತ್ತಲಿನ ಮುಸ್ಲಿಮರೂ ಆ ಜಾಗವನ್ನು ಖಿದ್ರ್ ಸಂತನದೆಂದು ಹರಕೆ ಹೊತ್ತು ಬರುತ್ತಿದ್ದರು. ಯಜೀದಿಗಳೂ ಬರುತ್ತಿದ್ದರು. ಐಸಿಸ್‌ಗೆ ಸಹಿಸಲಾಗದಿದ್ದುದು ಇದೇ, ಮೂರು ಜನಾಂಗ ಒಂದೇ ಹೊಸ್ತಿಲು ದಾಟುವುದು. 2015ರ ಮಾರ್ಚ್‌ನಲ್ಲಿ ಸಮಾಧಿಗೆ ಸಿಡಿಮದ್ದಿಟ್ಟು ಸಿಡಿಸಿದರು, ವಿಡಿಯೋ ಮಾಡಿ ಜಗತ್ತಿಗೆ ತೋರಿಸಿದರು. ಇದು ಯುದ್ಧದ ನಡುವೆ ಆದ ಹಾನಿಯಲ್ಲ. ಆ ದಿನ ಅಲ್ಲಿ ಯಾವ ಸೈನ್ಯವೂ ಎದುರಿಗಿರಲಿಲ್ಲ.

ಅದೇ ಮಠದ ಇನ್ನೊಂದು ಕಥೆ ನನಗೆ ಧೈರ್ಯ ಕೊಡುವಂಥದು. 2014ರ ಜುಲೈಯಲ್ಲಿ ಸನ್ಯಾಸಿಗಳನ್ನು ಉಟ್ಟ ಬಟ್ಟೆಯಲ್ಲಿ ಹೊರಗೆ ಹಾಕುವ ಮೊದಲೇ, ಕೇಡನ್ನು ಊಹಿಸಿದ್ದ ಅಲ್ಲಿನ ಪಾದ್ರಿಯೊಬ್ಬರು ನೂರಾರು ಹಸ್ತಪ್ರತಿಗಳನ್ನು ಕಬ್ಬಿಣದ ಪೀಪಾಯಿಗಳಲ್ಲಿ ತುಂಬಿ, ಒಂದು ಸಣ್ಣ ಕೋಣೆಯಲ್ಲಿಟ್ಟು, ಬಾಗಿಲನ್ನೇ ಗೋಡೆ ಕಟ್ಟಿ ಮುಚ್ಚಿ ಸಾರಿಸಿಬಿಟ್ಟಿದ್ದರು. ಐಸಿಸ್‌ನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಗೋಡೆಯ ಪಕ್ಕದಲ್ಲೇ ಓಡಾಡಿದರು. 2016ರ ನವೆಂಬರ್‌ನಲ್ಲಿ ಗೋಡೆ ಒಡೆದಾಗ ಪುಸ್ತಕಗಳು ಇದ್ದ ಹಾಗೇ ಇದ್ದವು. ಮೋಸುಲ್‌ನ ದೊಮಿನಿಕನ್ ಪಾದ್ರಿ ನಜೀಬ್ ಮಿಖಾಯಿಲ್ ಅವರು ತಮ್ಮ ಮಠದ ಹಸ್ತಪ್ರತಿಗಳನ್ನು ಮೊದಲೇ ಕರಕೋಶ್‌ಗೆ ಸಾಗಿಸಿದ್ದರು. ಐಸಿಸ್ ಹತ್ತಿರ ಬಂದಾಗ ಮತ್ತೆ ಲಾರಿಗೆ ತುಂಬಿ ಎರ್ಬಿಲ್ ಮುಟ್ಟಿಸಿದರು. ಮುಂದೆ 2019ರಲ್ಲಿ ಅವರೇ ಮೋಸುಲ್‌ನ ಕಲ್ದೀಯ ಆರ್ಚ್‌ಬಿಷಪ್ ಆದರು.

ಮಾರ್ ಎಲಿಯಾ ಮಠಕ್ಕೆ ಅಂಥ ಅದೃಷ್ಟವಿರಲಿಲ್ಲ. ಮೋಸುಲ್‌ನ ದಕ್ಷಿಣಕ್ಕೆ ದಿಬ್ಬದ ಮೇಲೆ 6ನೇ ಶತಮಾನದ ಕೊನೆಯಿಂದ ಇದ್ದ ಮಠ. 1743ರಲ್ಲಿ ಪರ್ಷಿಯಾದ ನಾದಿರ್ ಶಾಹನ ಪಡೆ ಅಲ್ಲಿನ ಸನ್ಯಾಸಿಗಳನ್ನು ಕೊಂದಿತ್ತು. ಅದಕ್ಕೆ ನಾಲ್ಕು ವರ್ಷ ಹಿಂದೆ ದೆಹಲಿಯಲ್ಲಿ ರಕ್ತದ ಕೋಡಿ ಹರಿಸಿ ಮಯೂರ ಸಿಂಹಾಸನ ಹೊತ್ತೊಯ್ದವನು ಇದೇ ನಾದಿರ್ ಶಾಹ. ಪಾಳುಬಿದ್ದಿದ್ದರೂ ಗೋಡೆಗಳು ನಿಂತಿದ್ದವು. 2003ರ ಯುದ್ಧದಲ್ಲಿ ಅದು ಸೈನಿಕ ಶಿಬಿರದ ಬೇಲಿಯೊಳಗೆ ಸಿಕ್ಕಿಬಿದ್ದಿತು, ಅಮೆರಿಕನ್ ಸೈನಿಕರು ಗೋಡೆಗಳ ಮೇಲೆ ಗೀಚಿದರು, ಆಮೇಲೆ ಅವರಲ್ಲೇ ಕೆಲವರು ಅದನ್ನು ಜೋಪಾನ ಮಾಡಲೂ ದುಡಿದರು. 2014ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಕೊನೆಯ ನಡುವೆ ಐಸಿಸ್ ಅದನ್ನು ಪುಡಿಗಟ್ಟಿತು. ಜಗತ್ತಿಗೆ ಗೊತ್ತಾದದ್ದು 2016ರ ಜನವರಿಯಲ್ಲಿ, ಉಪಗ್ರಹದ ಚಿತ್ರಗಳನ್ನು ಹೋಲಿಸಿದಾಗ. ಮೊದಲ ಚಿತ್ರದಲ್ಲಿ ಕೋಣೆಗಳ ಗೆರೆಗಳು, ಎರಡನೆಯದರಲ್ಲಿ ಬಿಳಿ ಹುಡಿಯ ಹರವು. ರಿಪೇರಿ ಎಂಬ ಮಾತೇ ಅಲ್ಲಿಗೆ ಸಲ್ಲದು. ಎತ್ತಿ ಜೋಡಿಸಲು ಕಲ್ಲು ಕಲ್ಲಾಗಿ ಉಳಿದಿದ್ದರೆ ತಾನೇ?

ನಾದಿರ್ ಶಾಹನ ಮಾತು ಬಂದಿದ್ದರಿಂದ ಒಂದು ಸಂಗತಿ ಹೇಳಲೇಬೇಕು. 1743ರಲ್ಲಿ ಅವನು ಮೋಸುಲ್ ನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆ ಕಾದವರು ಅಲ್ಲಿನ ಆಡಳಿತಗಾರ ಹುಸೇನ್ ಪಾಶಾ ಜಲೀಲಿ. ಕೋಟೆಯ ಗೋಡೆಯ ಮೇಲೆ ಮುಸ್ಲಿಮರೂ ಕ್ರೈಸ್ತರೂ ಜೊತೆಯಾಗಿ ಕಾದಿದರು. ನಾದಿರ್ ಹಿಂದಿರುಗಿದ ಮೇಲೆ, ಹಾಳಾದ ಇಗರ್ಜಿಗಳನ್ನು ಮತ್ತೆ ಕಟ್ಟಲು ಪಾಶಾ ಒಟ್ಟೋಮನ್ ಸುಲ್ತಾನನಿಂದ ಅಪ್ಪಣೆ ತರಿಸಿಕೊಟ್ಟರು. ಮೋಸುಲ್‌ನ ಎಷ್ಟೋ ಇಗರ್ಜಿಗಳ ಗೋಡೆಗಳಲ್ಲಿ 1744ರ ಆ ದುರಸ್ತಿ ಸೇರಿಕೊಂಡಿದೆ. ಈ ಪ್ರಾಂತ್ಯದ ಕ್ರೈಸ್ತ–ಮುಸ್ಲಿಮರು ಸದಾ ಹೊಡೆದಾಡಿಕೊಂಡೇ ಬಂದವರು ಎನ್ನುವವರು ಇಂಥ ಕಲ್ಲುಗಳನ್ನು ನೋಡಿಲ್ಲ.

ಮೋಸುಲ್ ಹಳೇಪೇಟೆಯ ಹಾನಿಯನ್ನು ನಾನು ಇನ್ನೊಂದು ಸಾಲಿಗೆ ಸೇರಿಸುತ್ತೇನೆ. ಅಲ್ಲಿ ಹೋಷ್ ಅಲ್-ಬೀಅ ಎಂಬ ಚೌಕ, ಸುತ್ತಲೂ ಸುರಿಯಾನಿ ಕಥೋಲಿಕ, ಸುರಿಯಾನಿ ಆರ್ಥೊಡಾಕ್ಸ್, ಕಲ್ದೀಯ, ಆರ್ಮೇನಿಯನ್ ಹೀಗೆ ನಾಲ್ಕು ಸಭೆಗಳ ಇಗರ್ಜಿಗಳು. ಕರಕೋಶ್‌ನದರ ಹೆಸರನ್ನೇ ಹೊತ್ತ, 1862ರಲ್ಲಿ ಮುಗಿದ ಸುರಿಯಾನಿ ಕಥೋಲಿಕರ ಅಲ್-ತಾಹಿರಾವನ್ನು ಐಸಿಸ್ ದೋಚಿತು, ಹೊಲಸು ಮಾಡಿತು. ಆದರೆ ಅದರ ಚಾವಣಿ ಕುಸಿದದ್ದು 2017ರಲ್ಲಿ, ಊರನ್ನು ಬಿಡಿಸಿಕೊಳ್ಳುವ ಕದನದ ಬಾಂಬುಗಳಿಗೆ. ಓಣಿ ಓಣಿಯಲ್ಲಿ ಐಸಿಸ್ ಅಡಗಿ ಕೂತಿತ್ತು, ಜನರನ್ನು ಗುರಾಣಿ ಮಾಡಿಕೊಂಡಿತ್ತು; ಮೇಲಿನಿಂದ ಇರಾಕಿನ ಮತ್ತು ಅಮೆರಿಕ ಕೂಟದ ವಿಮಾನ, ಫಿರಂಗಿಗಳು ಬಡಿಯುತ್ತಿದ್ದವು. ಸಾವಿರಾರು ನಾಗರಿಕರು ಸತ್ತರು, ಅವರಲ್ಲಿ ಬಹುತೇಕರು ಮುಸ್ಲಿಮರು. ಬತ್ನಾಯಾ ಎಂಬ ಕಲ್ದೀಯರ ಹಳ್ಳಿಯಂತೂ ಎರಡೂ ಕಡೆಯ ಹೊಡೆತಕ್ಕೆ ಬಹುಪಾಲು ನೆಲಸಮವಾಯಿತು. ಈ ಹಾನಿಗೂ ಮಾರ್ ಬೆಹನಾಮ್‌ನ ಸಿಡಿಮದ್ದಿಗೂ ವ್ಯತ್ಯಾಸವಿದೆ. ಒಂದರಲ್ಲಿ ಇಗರ್ಜಿಯೇ ಗುರಿ, ಇನ್ನೊಂದರಲ್ಲಿ ಇಗರ್ಜಿ ಅಡ್ಡ ಸಿಕ್ಕಿದ್ದು. ಆದರೂ ಬಿಡಿಸಲು ಬಂದವರು ಒಡೆದದ್ದನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. 1954ರ ಹೇಗ್ ಒಪ್ಪಂದ ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸ್ವತ್ತನ್ನು ಕಾಯುವ ಹೊಣೆಯನ್ನು ಕಾದುವ ಎಲ್ಲರ ಮೇಲೂ ಹೊರಿಸಿದೆ.

ಅದೇ ಹಳೇಪೇಟೆಯ ಮಾರ್ ತೋಮಾ ಇಗರ್ಜಿ ನಮಗೆ ಬೇಕಾದದ್ದು. ಭಾರತಕ್ಕೆ ಬಂದನೆಂದು ನಾವು ನಂಬುವ ಸಂತ ತೋಮಸನ ಹೆಸರಿನದು. 1964ರಲ್ಲಿ ದುರಸ್ತಿ ನಡೆಯುವಾಗ ಅಲ್ಲಿ ಆ ಸಂತನದೆಂದು ಪೂಜಿಸುವ ಬೆರಳಿನ ಮೂಳೆ ಸಿಕ್ಕಿತು. ನಾನು ಅಲ್ಲಿದ್ದಾಗ ಅದನ್ನು ಕಂಡು ಕೈಮುಗಿದಿದ್ದೆ. 2014ರ ಜೂನ್‌ನಲ್ಲಿ ಅದನ್ನು ಹೊರಗೆ ಸಾಗಿಸಿ, ಬೆಟ್ಟದ ಮೇಲಿನ ಮಾರ್ ಮತ್ತಾಯಿ ಮಠದಲ್ಲಿ ಇಟ್ಟರು. ಐಸಿಸ್ ಆ ಬೆಟ್ಟದ ಬುಡದ ಬಯಲಿನವರೆಗೂ ಬಂದಿತ್ತು, ಮೇಲೆ ಹತ್ತಲಾಗಲಿಲ್ಲ. ಮಾರ್ ತೋಮಾ ಇಗರ್ಜಿಯನ್ನು ಅವರು ಸೆರೆಮನೆ ಮಾಡಿಕೊಂಡರು. ಪ್ರಾರ್ಥನೆಗೆ ಕಟ್ಟಿದ ದಪ್ಪ ಗೋಡೆಗಳು ಕೂಗು ಹೊರಗೆ ಕೇಳದಂತೆ ಮಾಡಲೂ ಒದಗುತ್ತವಲ್ಲ ಎಂದು ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಲೆಬನಾನಿನಲ್ಲಿ ಎರಕ ಹೊಯ್ದ 285 ಕಿಲೋದ ಹೊಸ ಗಂಟೆ ಅಲ್ಲಿ ಮೊಳಗಿತು.

ಮತ್ತೆ ಕಟ್ಟುವ ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳುವವರಿಗೆ: ಮೊದಲು ಬರುವುದು ಮೇಸ್ತ್ರಿಯಲ್ಲ, ಬಾಂಬ್ ತೆಗೆಯುವವರು. ಐಸಿಸ್ ಹೋಗುವ ಮುನ್ನ ಬಾಗಿಲು, ಬೀರು, ಅವಶೇಷದ ಗುಡ್ಡೆಗಳಲ್ಲೆಲ್ಲ ಸ್ಫೋಟಕ ಹುದುಗಿಸಿತ್ತು. ಅದು ಮುಗಿದ ಮೇಲೆ ಕಲ್ಲುಗಳನ್ನು ಹೆಕ್ಕಿ, ಕೆತ್ತನೆ ಇರುವುದನ್ನು ಬೇರೆ, ಗೋಡೆಯದನ್ನು ಬೇರೆ ಮಾಡಿ, ನಂಬರ್ ಹಾಕಿ, ಯಾವುದು ಎಲ್ಲಿಯದೆಂದು ಹಳೆಯ ಫೋಟೋ ನೋಡಿ ಗುರುತಿಸಬೇಕು. ಅರೆಬರೆ ನಿಂತ ಕಮಾನುಗಳಿಗೆ ಊರೆ ಕೊಡಬೇಕು. ಇಷ್ಟಕ್ಕೇ ವರ್ಷಗಳು ಹಿಡಿಯುತ್ತವೆ. ಯುನೆಸ್ಕೊ 2018ರಲ್ಲಿ ಮೋಸುಲ್ ಪುನರ್ನಿರ್ಮಾಣ ಕೈಗೆತ್ತಿಕೊಂಡಿತು. ಐಸಿಸ್ ಸಿಡಿಸಿದ ಅಲ್-ನೂರಿ ಮಸೀದಿ ಮತ್ತು ಅದರ ವಾಲಿದ ಮಿನಾರಿನ ಜೊತೆಗೆ ಹಳೇಪೇಟೆಯ ಅಲ್-ತಾಹಿರಾ ಇಗರ್ಜಿ, ದೊಮಿನಿಕನ್ನರ ಗಡಿಯಾರದ ಇಗರ್ಜಿ ಅಲ್-ಸಾಅ ಇವುಗಳ ಕೆಲಸಕ್ಕೆ ಯುಎಇ ಸರ್ಕಾರ ಹಣ ಕೊಟ್ಟಿತು. ಒಂದು ಮುಸ್ಲಿಂ ದೇಶದ ದುಡ್ಡಿನಲ್ಲಿ, ಮೋಸುಲ್‌ನ ಮುಸ್ಲಿಂ ಹುಡುಗರೇ ಹೆಚ್ಚಾಗಿರುವ ಕೆಲಸಗಾರರ ಕೈಯಲ್ಲಿ ಈ ಇಗರ್ಜಿಗಳು ಎದ್ದವು. ಆ ಹುಡುಗರಿಗೆ ಜಸ್, ಕಲ್ಲು, ಮರದ ಕಸುಬುಗಳ ತರಬೇತಿಯನ್ನೂ ಕೊಟ್ಟರು. ಇದಕ್ಕೂ ಮೊದಲು, 2017ರ ಕ್ರಿಸ್‌ಮಸ್‌ಗೆ ಮೋಸುಲ್‌ನ ಸಂತ ಪೌಲರ ಇಗರ್ಜಿಯಲ್ಲಿ ಪೂಜೆ ನಡೆದಾಗ ಅದನ್ನು ಗುಡಿಸಿ ತೊಳೆದು ಸಜ್ಜು ಮಾಡಿದವರಲ್ಲಿ ಮುಸ್ಲಿಂ ಯುವಕರಿದ್ದರು. ಗಡಿಯಾರದ ಇಗರ್ಜಿಯ ಗೋಪುರಕ್ಕೆ 19ನೇ ಶತಮಾನದಲ್ಲಿ ಫ್ರಾನ್ಸಿನ ಮಹಾರಾಣಿ ಯುಜೆನಿ ನೆರವಾಗಿದ್ದರು. ಹೊಸ ಗಂಟೆಗಳೂ ಅದೇ ದೇಶದ ನಾರ್ಮಂಡಿಯಿಂದ ಬಂದವು. 2025ರ ಫೆಬ್ರವರಿಯಲ್ಲಿ ಯುನೆಸ್ಕೊ ಮುಖ್ಯಸ್ಥರು ಬಂದು ಮುಗಿದ ಕೆಲಸವನ್ನು ನೋಡಿದರು.

ಬಯಲಿನ ಊರುಗಳಲ್ಲಿ ದಾರಿ ಬೇರೆಯಾಗಿತ್ತು. 2017ರಲ್ಲಿ ಮೂರು ಸಭೆಗಳು ಸೇರಿ ಒಂದು ಪುನರ್ನಿರ್ಮಾಣ ಸಮಿತಿ ಮಾಡಿಕೊಂಡವು. ಊರೂರು ತಿರುಗಿ ಹಾನಿಯಾದ ಮನೆಗಳನ್ನು ಪೂರ್ತಿ ಬಿದ್ದದ್ದು, ಸುಟ್ಟದ್ದು, ಅಲ್ಪಸ್ವಲ್ಪ ಕೆಟ್ಟದ್ದು ಎಂದು ವಿಂಗಡಿಸಿದರು. ಮೊದಲು ಮನೆ, ಆಮೇಲೆ ಇಗರ್ಜಿ ಎಂಬ ಆ ತೀರ್ಮಾನ ನನಗೆ ಬಹಳ ಸರಿಯೆನಿಸಿತು. ಕರಕೋಶ್‌ನ ಅಲ್-ತಾಹಿರಾದ ಮಸಿ ಕೆರೆದು, ಕಮಾನು ಬಲಪಡಿಸಿ, ನೆಲ ಹಾಸಿ ಮುಗಿಸುವ ಹೊತ್ತಿಗೆ 2021ರ ಮಾರ್ಚ್ 7 ಬಂತು. ಆ ದಿನ ಪೋಪ್ ಫ್ರಾನ್ಸಿಸ್ ಬೆಳಗ್ಗೆ ಮೋಸುಲ್‌ನ ಹೋಷ್ ಅಲ್-ಬೀಅ ಚೌಕದ ಅವಶೇಷಗಳ ನಡುವೆ ನಿಂತು ಸತ್ತವರಿಗಾಗಿ ಪ್ರಾರ್ಥಿಸಿ, ಆಮೇಲೆ ಕರಕೋಶ್‌ಗೆ ಬಂದರು. ಟಿವಿಯಲ್ಲಿ ಕಂಬಗಳನ್ನು ನೋಡಿದೆ. ಬಲಿಪೀಠದತ್ತ ಹೋಗುವ ಸಾಲಿನಲ್ಲಿ ಎಡಗಡೆಯ ಒಂದು ಕಂಬದ ಬುಡದಲ್ಲಿ ಉಸ್ತಾ ನನ್ನನ್ನು ಕೂರಿಸಿದ್ದರು. ಅದನ್ನೇ ಹುಡುಕಿದೆ, ಅದರ ಮುಂದೆ ಹೂಗುಚ್ಛ ಇಟ್ಟಿದ್ದರು. ಉಸ್ತಾ ಅಷ್ಟರಲ್ಲಿ ಬದುಕಿರಲಿಲ್ಲ. ಮಕ್ಕಳು ಮೆಲ್ಬರ್ನ್‌ನಲ್ಲಿದ್ದಾರೆಂದು ಕೇಳಿದೆ.

2023ರ ಸೆಪ್ಟೆಂಬರ್ 26ರ ರಾತ್ರಿ ಕರಕೋಶ್‌ನ ಒಂದು ಮದುವೆ ಸಭಾಂಗಣಕ್ಕೆ ಬೆಂಕಿ ಬಿತ್ತು. ಒಳಗೆ ಹಚ್ಚಿದ ಪಟಾಕಿಯ ಕಿಡಿ ಚಾವಣಿಗೆ ತಗುಲಿತು. ಚಾವಣಿಯನ್ನು ಸುಲಭವಾಗಿ ಹತ್ತಿಕೊಳ್ಳುವ, ನಿಯಮಕ್ಕೆ ಹೊರತಾದ ಅಗ್ಗದ ಫಲಕಗಳಿಂದ ಮಾಡಿದ್ದರು ಎಂದು ಅಧಿಕಾರಿಗಳು ಹೇಳಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಐಸಿಸ್‌ನಿಂದ ತಪ್ಪಿಸಿಕೊಂಡು, ಡೇರೆಗಳಲ್ಲಿ ವರ್ಷ ಕಳೆದು, ಮನೆ ಕಟ್ಟಿಕೊಂಡು, ಮಕ್ಕಳ ಮದುವೆ ಮಾಡುವಷ್ಟು ನೆಮ್ಮದಿ ಕಂಡವರು ಅವರು. ಯುದ್ಧ ಬಿಟ್ಟುಹೋಗುವ ಹಾನಿಯಲ್ಲಿ ಇದೂ ಸೇರುತ್ತದೆ: ತಪಾಸಣೆಯಿಲ್ಲದ ಆತುರದ ಕಟ್ಟಡಗಳು, ಕೇಳುವವರಿಲ್ಲದ ಕಟ್ಟಡ ನಿಯಮಗಳು. ನನ್ನ ಕಸುಬಿನವರು ತಲೆ ತಗ್ಗಿಸಬೇಕಾದ ಸಾವುಗಳಿವು. ಆ ಬೆಂಕಿಯ ನಂತರ ಮತ್ತೆಷ್ಟೋ ಕುಟುಂಬಗಳು ಊರು ಬಿಡುವ ಮಾತಾಡಿದವು.

ಮೋಸುಲ್ ನಗರಕ್ಕಂತೂ ಮರಳಿದ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯಷ್ಟೇ. ಜನರೇ ಇಲ್ಲದ ಮೇಲೆ ಕೋಟಿಗಟ್ಟಲೆ ಸುರಿದು ಇಗರ್ಜಿ ಕಟ್ಟಿ ಏನು ಬಂತು, ಅದು ವಸ್ತುಸಂಗ್ರಹಾಲಯವಾಗುವುದಷ್ಟೇ ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಇಗರ್ಜಿ ಬಿದ್ದ ಜಾಗ ಹತ್ತು ವರ್ಷ ಖಾಲಿ ಉಳಿದರೆ ಅದು ಪಾರ್ಕಿಂಗ್ ಜಾಗವಾಗುತ್ತದೆ, ಅಂಗಡಿ ಮಳಿಗೆಯಾಗುತ್ತದೆ, ಆಮೇಲೆ ಅಲ್ಲಿ ಇಗರ್ಜಿ ಇತ್ತೆಂದು ಹೇಳಲು ಸಾಕ್ಷಿಯೂ ಉಳಿಯುವುದಿಲ್ಲ. ನಿಂತ ಗೋಡೆ ಈ ಜಾಗ ಯಾರದೆಂದು ಹೇಳುವ ಹಕ್ಕುಪತ್ರ. ಜೊತೆಗೆ, ಆ ಗೋಡೆ ಕಟ್ಟುತ್ತ ಜಸ್ ಕಲಸಲು ಕಲಿತ ಮೋಸುಲ್‌ನ ಹುಡುಗ ಅದನ್ನು ಒಡೆಯಲು ಹೋಗಲಾರ ಎಂಬುದು ನನ್ನ ಗಟ್ಟಿ ನಂಬಿಕೆ.

ಜನ ಮೊದಲೋ ಇಗರ್ಜಿ ಮೊದಲೋ ಎಂಬ ಪ್ರಶ್ನೆಗೆ ಕರಕೋಶ್‌ನವರು 2017ರ ಏಪ್ರಿಲ್ 9ರಂದು, ಗರಿಗಳ ಭಾನುವಾರ, ತಮ್ಮದೇ ಉತ್ತರ ಕೊಟ್ಟರು. ಊರಿನಲ್ಲಿ ಆಗ ಸರಿಯಾಗಿ ಕರೆಂಟಿಲ್ಲ, ನೀರಿಲ್ಲ, ಮನೆಗಳಿಗೆ ಬಾಗಿಲಿಲ್ಲ. ಯುದ್ಧ ಇನ್ನೂ ಮೋಸುಲ್‌ನಲ್ಲಿ ನಡೆದೇ ಇತ್ತು. ಆದರೂ ಎರ್ಬಿಲ್‌ನ ಶಿಬಿರಗಳಿಂದ ಬಸ್ಸು, ಕಾರುಗಳಲ್ಲಿ ಬಂದು ಆಲಿವ್ ಕೊಂಬೆ ಹಿಡಿದು, ಸುಟ್ಟ ಮನೆಗಳ ಬೀದಿಯಲ್ಲಿ ಸುರೆತ್‌ನಲ್ಲಿ ಹೊಸನ್ನಾ ಹಾಡುತ್ತ ಮೆರವಣಿಗೆ ಹೊರಟರು. ಬಂದೂಕು ಹಿಡಿದ ಪಹರೆಯ ನಡುವೆ ಮುದುಕಿಯರು ಕೈ ತಟ್ಟುತ್ತಿದ್ದರು, ಮಕ್ಕಳು ಅಪ್ಪಂದಿರ ಹೆಗಲ ಮೇಲಿದ್ದರು. ಅದೇ ವರ್ಷ ಕುಟುಂಬಗಳು ಒಂದೊಂದಾಗಿ ಸಾಮಾನು ಹೇರಿಕೊಂಡು ವಾಪಸಾಗತೊಡಗಿದವು. ಹೊರಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಮರಳಿದ್ದಾರೆ.